ರೊಟ್ಟಿ ಬಡಿಯುವ ಕಟ್ಟೆಗೆ ಯಾವ ಕಲ್ಲು?

ಕಲಬುರಗಿಯವರು ಕಲ್ಲು ಹುಡುಕುತ್ತ ಅಂಗಡಿ ಅಂಗಡಿ ಅಲೆಯುವುದು ಅಂದರೆ ಕೇಳಿದವರಿಗೆ ನಗು ಬರುತ್ತದೆ. ಇಲ್ಲಿ ಕೋಟೆ ಕಲ್ಲಿನದು, ಹಳೆ ಮನೆಗಳ ಗೋಡೆ ಕಲ್ಲಿನದು, ಅಂಗಳಕ್ಕೆ ಹಾಸಿದ್ದು ಶಹಾಬಾದ್ ಫರ್ಸಿ. ಇಲ್ಲಿಂದ ಹೋದ ಫರ್ಸಿ ಪುಣೆ, ಮುಂಬೈ, ಹೈದರಾಬಾದಿನ ಹಳೆ ಮನೆಗಳಲ್ಲೂ ಕಾಣುತ್ತದೆ. ನಮ್ಮ ಅಡುಗೆಮನೆಯ ಕಟ್ಟೆಯೂ ಅದೇ ಕಲ್ಲಿನದು. ಮಾವನವರು ಮನೆ ಕಟ್ಟಿಸಿದಾಗ ಹಾಕಿಸಿದ್ದು. ಇಟ್ಟಿಗೆಯ ಸಣ್ಣ ಗೋಡೆಗಳ ಮೇಲೆ ಅಡ್ಡಲಾಗಿ ದಪ್ಪನೆಯ ಫರ್ಸಿ, ಅಷ್ಟೇ.

ಅದು ಹಾಳಾಗಿದ್ದು ಒಂದೇ ದಿನದಲ್ಲಿ ಅಲ್ಲ. ಶಹಾಬಾದ್ ಕಲ್ಲು ಪದರ ಪದರವಾಗಿ ಇರುತ್ತದೆ. ಗಣಿಯಲ್ಲಿ ಅದನ್ನು ಎಬ್ಬಿಸುವುದೂ ಹಾಗೆಯೇ, ಪದರ ಬಿಡಿಸಿ. ಸಿಂಕಿನ ಪಕ್ಕ ಯಾವಾಗಲೂ ಒದ್ದೆ ಇರುವ ಜಾಗದಲ್ಲಿ ಮೇಲಿನ ಪದರ ಚಕ್ಕೆ ಚಕ್ಕೆಯಾಗಿ ಏಳತೊಡಗಿತ್ತು. ಎದ್ದ ಚಕ್ಕೆಯ ಕೆಳಗೆ ಇರುವೆ. ಒಲೆ ಪಕ್ಕದಲ್ಲಿ ನಿಂಬೆಹಣ್ಣು ಹಿಂಡಿ ಹಿಂಡಿ, ಹುಣಸೆ ನೆನೆಹಾಕಿ, ಪುಂಡಿ ಪಲ್ಯ ಬಗ್ಗಿಸಿ ಬಿಳಿ ಬಿಳಿ ಮಚ್ಚೆ. ಎಷ್ಟು ಉಜ್ಜಿದರೂ ಹೋಗುತ್ತಿರಲಿಲ್ಲ. ಹೋಗುವುದಕ್ಕೆ ಅದು ಕಲೆಯೇ ಅಲ್ಲ, ಅಲ್ಲಿ ಕಲ್ಲೇ ಸವೆದಿದೆ. ಈ ಕಲ್ಲು ಸುಣ್ಣದ ಕಲ್ಲು. ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಗಳು ಬಂದದ್ದೇ ಈ ಸುಣ್ಣದ ಕಲ್ಲಿಗಾಗಿ. ಸುಣ್ಣಕ್ಕೆ ಹುಳಿ ತಾಕಿದರೆ ತಿಂದುಬಿಡುತ್ತದೆ.

ಹೊಸ ಕಟ್ಟೆ ಹಾಕಿಸೋಣ ಅಂದಾಗ ಮನೆಯಲ್ಲಿ ಯಾರೂ ಬೇಡ ಅನ್ನಲಿಲ್ಲ. ಜಗಳ ಶುರುವಾಗಿದ್ದು ಯಾವುದು ಹಾಕಿಸೋಣ ಅಂದಾಗ. ಯಜಮಾನರಿಗೆ ಬೆಳ್ಳಗಿರುವುದು ಬೇಕು. ಯಾರದೋ ಹೊಸ ಫ್ಲ್ಯಾಟಿನಲ್ಲಿ ನೋಡಿ ಬಂದಿದ್ದರು. ಮಗಳು ಮೊಬೈಲಿನಲ್ಲಿ ಚಿತ್ರ ತೋರಿಸಿದಳು, ಅದರಲ್ಲಿ ಕಟ್ಟೆಯ ಮೇಲೆ ಒಂದು ಹೂದಾನಿ ಬಿಟ್ಟರೆ ಏನೂ ಇರಲಿಲ್ಲ. ಅತ್ತೆಯವರು ಆ ಚಿತ್ರ ನೋಡಿ, "ಇವರು ಉಂಬೂದಿಲ್ಲೇನು?" ಅಂದರು.

ಆ ಮಾತು ನನಗೆ ಹಿಡಿಸಿತು. ನಮ್ಮ ಕಟ್ಟೆಯ ಮೇಲೆ ದಿನಾ ಏನೇನು ನಡೆಯುತ್ತದೆ ಅಂತ ಸುಮ್ಮನೆ ಗಮನಿಸಿದೆ. ಬೆಳಿಗ್ಗೆ ಎದ್ದ ಕೂಡಲೇ ಜೋಳದ ರೊಟ್ಟಿ. ಅತ್ತೆ ಹಿಟ್ಟು ನಾದುವುದೂ ಕಟ್ಟೆಯ ಮೇಲೆ, ಬಡಿಯುವುದೂ ಕಟ್ಟೆಯ ಮೇಲೆ. ಕಾದ ಹಂಚನ್ನು ಇಳಿಸಿ ಪಕ್ಕಕ್ಕೆ ಇಡುವುದೂ ಅಲ್ಲೇ. ಆಮೇಲೆ ತೊಗರಿ ಬೇಳೆ ಕುಕ್ಕರು, ಅದರ ಸೀಟಿಯಿಂದ ಹಾರುವ ಅರಿಶಿನದ ನೀರು. ಶೇಂಗಾ ಚಟ್ನಿ ಕುಟ್ಟುವುದು. ಎಣ್ಣೆಗಾಯಿ ಮಾಡಿದ ದಿನ ಎಣ್ಣೆ ಹರಿಯುವುದು. ಇದನ್ನೆಲ್ಲ ತಡೆಯುವ ಕಲ್ಲು ಬೇಕು. ಅಂದ ಆಮೇಲೆ ನೋಡೋಣ ಅಂದುಕೊಂಡೆ.

ರಿಂಗ್ ರೋಡಿನ ಕಡೆ ಗ್ರಾನೈಟ್ ಅಂಗಡಿಗಳಿಗೆ ಹೋದರೆ ಮೊದಲು ತಲೆ ತಿರುಗುತ್ತದೆ. ಬಿಸಿಲಿನಲ್ಲಿ ಸಾಲಾಗಿ ನಿಲ್ಲಿಸಿದ ಸ್ಲ್ಯಾಬುಗಳು. ಮೇ ತಿಂಗಳಲ್ಲಿ ಹೋದರೆ ಮುಟ್ಟಲಿಕ್ಕೂ ಆಗುವುದಿಲ್ಲ, ಹಾಗೆ ಸುಡುತ್ತಿರುತ್ತವೆ. ಅಂಗಡಿಯ ಹುಡುಗ ಒಂದು ಬಾಟಲಿ ನೀರು ಹಿಡಿದು ನಮ್ಮ ಹಿಂದೆಯೇ ಬರುತ್ತಾನೆ. ನೀವು ಯಾವ ಕಲ್ಲಿನ ಮುಂದೆ ನಿಂತರೂ ಅದರ ಮೇಲೆ ನೀರು ಚೆಲ್ಲುತ್ತಾನೆ. ನೀರು ಬಿದ್ದ ಕೂಡಲೇ ಎಂಥ ಕಲ್ಲೂ ಹೊಳೆಯುತ್ತದೆ. ಹೋಗುವವರಿಗೆ ನನ್ನ ಒಂದೇ ಸಲಹೆ, ಆ ನೀರು ಆರುವವರೆಗೂ ನಿಲ್ಲಿ. ಒಣ ಕಲ್ಲು ನೋಡಿ. ನಿಮ್ಮ ಮನೆಯಲ್ಲಿ ಇರುವುದು ಒಣ ಕಲ್ಲು. ಇನ್ನೊಂದು, ನೀರು ಆರುವಾಗ ಸಣ್ಣ ಸೀಳಿದ್ದರೆ ಆ ಗೆರೆ ಕೊನೆಗೆ ಆರುತ್ತದೆ. ಕೂದಲೆಳೆ ಹಾಗೆ ಒದ್ದೆ ಗೆರೆ ಉಳಿದರೆ ಆ ಸ್ಲ್ಯಾಬು ಬಿಟ್ಟುಬಿಡಿ.

ಹೆಸರುಗಳು ಬೇಗ ಬಾಯಿಗೆ ಬಂದವು. ಬ್ಲ್ಯಾಕ್ ಗ್ಯಾಲಕ್ಸಿ ಆಂಧ್ರದ ಚೀಮಕುರ್ತಿಯದು, ಕಪ್ಪಿನಲ್ಲಿ ಬಂಗಾರದ ಚುಕ್ಕಿ. ಟ್ಯಾನ್ ಬ್ರೌನ್ ತೆಲಂಗಾಣದ ಕರೀಂನಗರದ್ದು. ಕೆಂಪು ಬೇಕಂದರೆ ನಮ್ಮ ಇಳಕಲ್ ಕಡೆಯದು. ಸ್ಟೀಲ್ ಗ್ರೇ ಒಂಗೋಲ್ ಕಡೆಯದು. ಇವೆಲ್ಲಕ್ಕಿಂತ ಕಡಿಮೆ ಬೆಲೆಗೆ ಕಡಪಾ ಕಲ್ಲು. ಅದೂ ಕಪ್ಪು, ನುಣುಪು, ಹಿಂದೆ ಎಷ್ಟೋ ಮನೆಗಳಲ್ಲಿ ಅದನ್ನೇ ಹಾಕುತ್ತಿದ್ದರು. ಆದರೆ ಕಡಪಾ ಕೂಡ ಸುಣ್ಣದ ಕಲ್ಲೇ. ನಿಂಬೆಹಣ್ಣಿಗೆ ಅದೂ ಸೋಲುತ್ತದೆ. ಕೋಟಾ ಕಲ್ಲು, ಮಾರ್ಬಲ್ ಎರಡೂ ಅದೇ ಜಾತಿ. ಮಾರ್ಬಲ್ ಕಟ್ಟೆ ಮೇಲೆ ಪುಂಡಿ ಪಲ್ಯ ಬಗ್ಗಿಸುವ ಧೈರ್ಯ ನನಗಂತೂ ಇಲ್ಲ. ಹಾಗಾಗಿ ಶಹಾಬಾದ್ ಸೇರಿ ಈ ನಾಲ್ಕನ್ನೂ ಮೊದಲೇ ಬಿಟ್ಟೆವು. ಕಪಾಟಿನ ಒಳಗೆ ಹಲಗೆ ಹಾಕಲು ಕಡಪಾ ಛಲೋ, ಅಲ್ಲಿಗೆ ತಂದೆವು.

ಕಪ್ಪು ಗ್ರಾನೈಟಿನ ವಿಷಯದಲ್ಲಿ ಒಂದು ಮಾತು ಹೇಳಲೇಬೇಕು. ಅಚ್ಚ ಕಪ್ಪು ಕಲ್ಲಿಗೆ ಬೆಲೆ ಜಾಸ್ತಿ. ಅದಕ್ಕೆ ಬೂದು ಕಲ್ಲಿಗೆ ಬಣ್ಣ ಕುಡಿಸಿ ಕಪ್ಪು ಮಾಡಿ ಮಾರುವುದೂ ಇದೆ. ನೋಡಿದರೆ ಗೊತ್ತಾಗುವುದಿಲ್ಲ. ಉಗುರಿನ ಬಣ್ಣ ತೆಗೆಯುವ ದ್ರಾವಣವನ್ನು ಹತ್ತಿಗೆ ಹಾಕಿ ತಿಕ್ಕಿದರೆ ಗೊತ್ತಾಗುತ್ತದೆ. ಮಗಳ ಬಾಟಲಿ ಪರ್ಸಿನಲ್ಲಿ ಇಟ್ಟುಕೊಂಡೇ ಹೋಗಿದ್ದೆ. ಒಂದು ಅಂಗಡಿಯಲ್ಲಿ, "ಇದು ಒರಿಜಿನಲ್ ರೀ ಮೇಡಂ" ಅಂದ ಕಲ್ಲನ್ನು ತಿಕ್ಕಿದೆ. ಹತ್ತಿ ಕಪ್ಪಾಯಿತು. ಹುಡುಗ ಹತ್ತಿ ನೋಡಿದ, ಕಲ್ಲು ನೋಡಿದ. "ಧೂಳು ಅದರಿ" ಅಂದ. ಇನ್ನೊಂದು ಹತ್ತಿ ತೆಗೆದೆ. ಅದೂ ಕಪ್ಪಾಯಿತು. ಅವನು ನೀರಿನ ಬಾಟಲಿ ಹಿಡಿದು ಮುಂದಿನ ಸಾಲಿಗೆ ಹೋದ.

ಅತ್ತೆಯವರ ಪರೀಕ್ಷೆ ಬೇರೆ ಥರದ್ದು. ಅವರು ಸ್ಲ್ಯಾಬಿನ ಮುಂದೆ ನಿಂತು ಅಂಗೈಯಿಂದ ಪಟಪಟ ಬಡಿಯುತ್ತಿದ್ದರು. ರೊಟ್ಟಿ ಬಡಿಯುವ ಹಾಗೆಯೇ, ಎರಡು ಬಡಿತಕ್ಕೊಮ್ಮೆ ಕೈ ತಿರುಗಿಸಿ. ಅಂಗಡಿಯವರು ಮೊದಲು ಗಾಬರಿಯಾದರು, ಆಮೇಲೆ ನಕ್ಕರು. ಲೆದರ್ ಫಿನಿಶ್ ಅಂತ ಒಂದು ಬಂದಿದೆ. ಹೊಳಪಿಲ್ಲದೆ ಸ್ವಲ್ಪ ತಗ್ಗು ದಿಣ್ಣೆ ಇರುವ ಮೈ. ನೀರಿನ ಕಲೆ ಕಾಣುವುದಿಲ್ಲ ಅಂತ ನನಗೆ ಇಷ್ಟವಾಗಿತ್ತು. ಅತ್ತೆ ಅದರ ಮೇಲೆ ಕೈ ಆಡಿಸಿ, "ಈ ಸಂದಿನಾಗ ಹಿಟ್ಟು ಕುಂದ್ರತದ. ತಿಕ್ಕೋರ್ಯಾರು?" ಅಂದರು. ಅಲ್ಲಿಗೆ ಅದು ಮುಗಿಯಿತು. ನಿಜವೇ. ಜೋಳದ ಹಿಟ್ಟು ಒಣಗಿ ಅಂಟಿದರೆ ಸಪಾಟು ಕಲ್ಲಿನ ಮೇಲೆಯೇ ಕೆರೆಯಬೇಕಾಗುತ್ತದೆ.

ಯಜಮಾನರ ಬಿಳಿ ಆಸೆಗೆ ಎರಡು ದಾರಿ ಇತ್ತು. ಕ್ವಾರ್ಟ್ಜ್ ಮತ್ತು ನ್ಯಾನೋ ವೈಟ್. ಕ್ವಾರ್ಟ್ಜ್ ಅಂದರೆ ಗಣಿಯಿಂದ ಹಾಗೇ ಕೊಯ್ದು ತಂದ ಕಲ್ಲಲ್ಲ. ಕ್ವಾರ್ಟ್ಜ್ ಪುಡಿಯನ್ನು ಅಂಟಿನ ಜೊತೆ ಕಲಸಿ ಒತ್ತಿ ಮಾಡಿದ ಹಲಗೆ. ನೂರಕ್ಕೆ ತೊಂಬತ್ತಕ್ಕಿಂತ ಜಾಸ್ತಿ ಕಲ್ಲಿನ ಪುಡಿಯೇ ಇರುತ್ತದೆ, ಉಳಿದದ್ದು ರೆಸಿನ್ ಅನ್ನುವ ಆ ಅಂಟು. ನ್ಯಾನೋ ವೈಟ್ ಗಾಜಿನ ಜಾತಿಯದು, ಕುಲುಮೆಯಲ್ಲಿ ಕರಗಿಸಿ ಮಾಡುತ್ತಾರೆ, ಹಾಲಿನಷ್ಟು ಬಿಳಿ. ಮಾಡ್ಯುಲರ್ ಕಿಚನ್ ಅಂಗಡಿಯಲ್ಲಿ ಕೋರಿಯನ್ (Corian) ಅನ್ನುವ ಹಲಗೆ ಕೂಡ ತೋರಿಸಿದರು. ಅದು ಅಕ್ರಿಲಿಕ್, ಜೋಡಣೆ ಎಲ್ಲೂ ಕಾಣುವುದಿಲ್ಲ, ಗೀರು ಬಿದ್ದರೆ ಉಜ್ಜಿ ತೆಗೆಯಬಹುದು. ಆದರೆ ಬಿಸಿಗೆ ಆಗದು. ಸ್ಟೀಲ್ ಕಟ್ಟೆ ಹಾಕಿಸಿ ಅಂತ ಒಬ್ಬರು ಹೇಳಿದರು, ಖಾನಾವಳಿಗಳಲ್ಲಿ ಇರುತ್ತದಲ್ಲ ಅದು. ಬೆಳಿಗ್ಗೆ ಆರಕ್ಕೆ ಸ್ಟೀಲಿನ ಮೇಲೆ ರೊಟ್ಟಿ ಬಡಿದರೆ ಓಣಿಯವರೆಲ್ಲ ಏಳುತ್ತಾರೆ.

ಅಂಗಡಿಯಲ್ಲಿ ನಿಂತು ತೀರ್ಮಾನ ಮಾಡುವುದು ನನ್ನಿಂದ ಆಗಲಿಲ್ಲ. ತುಂಡು ಕೊಡಿ, ಮನೆಯಲ್ಲಿ ನೋಡುತ್ತೇವೆ ಅಂದೆ. ಕೊಡುತ್ತಾರೆ. ಕತ್ತರಿಸಿ ಉಳಿದ ಚೂರುಗಳು ಮೂಲೆಯಲ್ಲಿ ರಾಶಿ ಬಿದ್ದಿರುತ್ತವೆ. ಕ್ವಾರ್ಟ್ಜಿನವರು ಮಾತ್ರ ಅಂಗೈಯಗಲದ ಸ್ಯಾಂಪಲ್ ಕೊಟ್ಟರು. ಬಿಳಿ ಕ್ವಾರ್ಟ್ಜ್, ನ್ಯಾನೋ ವೈಟ್, ಟ್ಯಾನ್ ಬ್ರೌನ್, ಸ್ಟೀಲ್ ಗ್ರೇ, ಒಂದು ತಿಳಿ ಬಣ್ಣದ ಗ್ರಾನೈಟ್. ಜೊತೆಗೆ ನಮ್ಮ ಹಳೆ ಕಟ್ಟೆಯಿಂದಲೇ ಬಿದ್ದ ಒಂದು ಚಕ್ಕೆ. ಎಲ್ಲವನ್ನೂ ಹಿತ್ತಲ ಜಗಲಿಯ ಮೇಲೆ ಸಾಲಾಗಿ ಇಟ್ಟೆವು.

ಮೊದಲು ನಿಂಬೆ. ಪ್ರತಿ ತುಂಡಿನ ಮೇಲೆ ಒಂದೊಂದು ಹನಿ. ಶಹಾಬಾದ್ ಚಕ್ಕೆಯ ಮೇಲೆ ಹನಿ ಬಿದ್ದದ್ದೇ ಸುತ್ತಲೂ ಸಣ್ಣ ಗುಳ್ಳೆ ಎದ್ದವು. ಬಗ್ಗಿ ನೋಡಿದರೆ ಸರಿಯಾಗಿ ಕಾಣುತ್ತಿತ್ತು, ಸೋಡಾದಲ್ಲಿ ಏಳುವ ಹಾಗೆ. ಸ್ವಲ್ಪ ಹೊತ್ತು ಬಿಟ್ಟು ಒರೆಸಿದರೆ ಹನಿ ಇದ್ದಷ್ಟು ಜಾಗ ಬಿಳಚಿ, ಒರಟಾಗಿ ನಿಂತಿತ್ತು. ಉಳಿದ ಯಾವುದಕ್ಕೂ ಏನೂ ಆಗಲಿಲ್ಲ. ಮಗಳಿಗೆ ಶಾಲೆಯಲ್ಲಿ ಓದಿದ್ದು ಕಣ್ಣ ಮುಂದೆ ಆಗಿದ್ದಕ್ಕೆ ಖುಷಿ. ಇನ್ನೆರಡು ಹನಿ ಹಿಂಡಿದಳು.

ಆಮೇಲೆ ಅರಿಶಿನ. ಬಿಸಿ ಎಣ್ಣೆಯಲ್ಲಿ ಅರಿಶಿನ ಕಲಸಿ ಎಲ್ಲದರ ಮೇಲೂ ಒಂದು ಬೊಟ್ಟು ಇಟ್ಟು ರಾತ್ರಿ ಪೂರ್ತಿ ಬಿಟ್ಟೆವು. ಬೆಳಿಗ್ಗೆ ಸೋಪು ನೀರಿನಲ್ಲಿ ತೊಳೆದಾಗ ತಿಳಿ ಬಣ್ಣದ ಗ್ರಾನೈಟಿನಲ್ಲಿ ಎಣ್ಣೆ ಇಳಿದು ಕಪ್ಪನೆಯ ವೃತ್ತ ಉಳಿದಿತ್ತು. ಗ್ರಾನೈಟಿಗೆ ಸಣ್ಣ ಸಣ್ಣ ರಂಧ್ರ ಇರುತ್ತವೆ. ತಿಳಿ ಬಣ್ಣದವು ಎಣ್ಣೆ ಕುಡಿದರೆ ಬೇಗ ಕಾಣುತ್ತದೆ, ಅದಕ್ಕೆ ರಂಧ್ರ ಮುಚ್ಚುವ ಸೀಲರ್ ಹಚ್ಚಬೇಕು, ವರ್ಷ ಎರಡು ವರ್ಷಕ್ಕೊಮ್ಮೆ ಮತ್ತೆ ಹಚ್ಚುತ್ತಿರಬೇಕು. ಬಿಳಿ ಕ್ವಾರ್ಟ್ಜಿನಲ್ಲಿ ತೆಳ್ಳಗೆ ಹಳದಿ ಉಳಿದಿತ್ತು. ಯಜಮಾನರು ಅದನ್ನು ಮಾಳಿಗೆಯ ಮೇಲೆ ಬಿಸಿಲಿಗಿಟ್ಟರು. ಸಂಜೆಗೆ ಹಳದಿ ಬಹುಪಾಲು ಹೋಗಿತ್ತು, ಅರಿಶಿನದ ಬಣ್ಣ ಬಿಸಿಲಿಗೆ ನಿಲ್ಲುವುದಿಲ್ಲ. ಗೆದ್ದವರ ಹಾಗೆ ಕೆಳಗೆ ತಂದರು. "ಕಟ್ಟಿ ಕಿತ್ತಿ ದಿನಾ ಮಾಳಿಗಿ ಮ್ಯಾಲ ಇಡತೀಯೇನೋ?" ಅಂತ ಅವರ ತಾಯಿಯೇ ಕೇಳಿದರು. ಬಿಸಿಲು ಜಾಸ್ತಿ ತಾಕಿದರೆ ಆ ರೆಸಿನ್ ತಾನೇ ಹಳದಿಯಾಗುತ್ತದೆ ಅನ್ನುವುದು ಬೇರೆ ಮಾತು.

ಕೊನೆಯದು ಹಂಚು. ನಮ್ಮ ಮನೆಗೆ ಇದೇ ದೊಡ್ಡ ಪರೀಕ್ಷೆ. ರೊಟ್ಟಿ ಮುಗಿದ ಮೇಲೆ ಕಬ್ಬಿಣದ ಹಂಚು ಇಳಿಸಿ ನೇರವಾಗಿ ತುಂಡುಗಳ ಮೇಲೆ ಒಂದಾದ ಮೇಲೊಂದು ಇಟ್ಟೆವು. ಪ್ರತಿ ಸಲವೂ ಹಂಚು ಮತ್ತೆ ಕಾಯಿಸಿ. ಗ್ರಾನೈಟಿಗೆ ಏನೂ ಆಗಲಿಲ್ಲ. ಕ್ವಾರ್ಟ್ಜಿನ ಮೇಲೆ ಇಟ್ಟಾಗ ಸುಟ್ಟ ಪ್ಲಾಸ್ಟಿಕ್ಕಿನ ವಾಸನೆ ಬಂತು, ಎತ್ತಿದರೆ ಅರ್ಧಚಂದ್ರದ ಆಕಾರದಲ್ಲಿ ಮಂಕು ಕಲೆ. ಅದರ ಅಂಟು ತಡೆಯುವುದು ಸುಮಾರು 150 ಡಿಗ್ರಿವರೆಗೆ. ರೊಟ್ಟಿಯ ಹಂಚು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಅಂಗಡಿಯವರು ಇದನ್ನು ಮುಚ್ಚಿಟ್ಟಿರಲಿಲ್ಲ, ಕೆಳಗೆ ಸ್ಟ್ಯಾಂಡ್ ಇಡಿ ಅಂತ ಹೇಳಿದ್ದರು. ಆದರೆ ಕೈಯಲ್ಲಿ ಉರಿಯುವ ಹಂಚು ಹಿಡಿದು ಸ್ಟ್ಯಾಂಡ್ ಎಲ್ಲಿದೆ ಅಂತ ಹುಡುಕುವವರು ನಮ್ಮ ಮನೆಯಲ್ಲಿ ಇಲ್ಲ. ನ್ಯಾನೋ ವೈಟ್ ಬಿಸಿ ತಡೆಯಿತು. ಆದರೆ ಅತ್ತೆ ಅದರ ಅಂಚಿಗೆ ಕುಟ್ಟಾಣಿಯಿಂದ ಮೆಲ್ಲಗೆ ಒಂದು ಪೆಟ್ಟು ಕೊಟ್ಟರು, ಮೂಲೆ ಚಕ್ಕಂತ ಹಾರಿತು. ಯಜಮಾನರು ಬಿಳಿಯ ಮಾತು ಅಲ್ಲಿಗೆ ಬಿಟ್ಟರು. ಮಲಗುವ ಕೋಣೆಯ ಕಿಟಕಿಗೆ ಬಿಳಿ ಹಾಕಿಸುವುದು ಅಂತ ಒಪ್ಪಂದವಾಯಿತು.

ಉಳಿದದ್ದು ಟ್ಯಾನ್ ಬ್ರೌನ್ ಮತ್ತು ಸ್ಟೀಲ್ ಗ್ರೇ. ನನಗೆ ಟ್ಯಾನ್ ಬ್ರೌನ್ ಇಷ್ಟ. ಕಂದು ಕಪ್ಪು ಬೆರೆತ ದೊಡ್ಡ ದೊಡ್ಡ ಚುಕ್ಕೆ, ಕಲೆ ಏನಿದ್ದರೂ ಮುಚ್ಚಿಹೋಗುತ್ತದೆ. ಅತ್ತೆಗೆ ಅದೇ ತಕರಾರು. ತುಂಡಿನ ಮೇಲೆ ಒಂದು ಚಿಟಿಕೆ ಸಾಸಿವೆ ಚೆಲ್ಲಿ, "ಹುಡುಕು" ಅಂದರು. ಹುಡುಕಬೇಕಾಯಿತು! ಇರುವೆ ಬಂದರೂ ಕಾಣುವುದಿಲ್ಲ, ಒರೆಸಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಅಚ್ಚ ಕಪ್ಪಿನ ತೊಂದರೆ ಉಲ್ಟಾ. ಜೋಳದ ಹಿಟ್ಟಿನ ಒಂದು ಕಣ ಬಿದ್ದರೂ ಎದ್ದು ಕಾಣುತ್ತದೆ, ನಮ್ಮ ಬೋರಿನ ಗಡಸು ನೀರು ಆರಿದರೆ ಬಿಳಿ ವೃತ್ತ ವೃತ್ತ. ಸ್ಟೀಲ್ ಗ್ರೇ ಎರಡರ ನಡುವೆ. ಸಣ್ಣ ಕಣ, ಒಂದೇ ಸಮನೆ ಬೂದು. ನೋಡಲು ಅಂಥ ಚಂದವೇನಲ್ಲ, ಸರ್ಕಾರಿ ಕಚೇರಿಯ ಮೆಟ್ಟಿಲು ನೆನಪಾಗುತ್ತದೆ ಅಂತ ಮಗಳು ಅಂದಳು. ಆದರೆ ಅದರ ಮೇಲೆ ಅತ್ತೆ ಒಂದು ರೊಟ್ಟಿ ಬಡಿದು ನೋಡಿದರು. ಕೆಳಗೆ ಹಿಟ್ಟು ಉದುರಿಸಿ ಬಡಿದಾಗ ರೊಟ್ಟಿ ತಾನೇ ತಿರುಗುತ್ತ ಅಗಲವಾಯಿತು, ಎಲ್ಲೂ ಅಂಟಲಿಲ್ಲ. ಹಳೆ ಕಟ್ಟೆಯ ಸವೆದ ಜಾಗದಲ್ಲಿ ರೊಟ್ಟಿ ಹಿಡಿದುಕೊಳ್ಳುತ್ತಿತ್ತು, ಅಂಚು ಸೀಳುತ್ತಿತ್ತು. "ಇದು ಛಲೋ ಅದ" ಅಂದರು. ಬೆಲೆಯೂ ಉಳಿದವಕ್ಕಿಂತ ಕಡಿಮೆ. ನಮಗೆ ಹೇಳಿದ್ದು ಚದರ ಅಡಿಗೆ 130 ರೂಪಾಯಿ. ಕ್ವಾರ್ಟ್ಜಿಗೆ ಅದರ ಮೂರು ಪಟ್ಟು ಹೇಳಿದ್ದರು.

ಕಲ್ಲಿನ ಬೆಲೆಯೇ ಕಟ್ಟೆಯ ಬೆಲೆ ಅಲ್ಲ ಅನ್ನುವುದು ಬಿಲ್ ನೋಡಿದಾಗ ಗೊತ್ತಾಗುತ್ತದೆ. ನಮ್ಮದು ಎಲ್ ಆಕಾರದ ಕಟ್ಟೆ, ಬೇಕಿದ್ದದ್ದು ಸುಮಾರು 30 ಚದರ ಅಡಿ. ಆದರೆ ಕಲ್ಲು ಕೊಡುವುದು ಇಡೀ ಸ್ಲ್ಯಾಬು. ಮೂರು ಅಡಿ ಅಗಲದ ಸ್ಲ್ಯಾಬಿನಲ್ಲಿ ಎರಡು ಅಡಿ ಕಟ್ಟೆಗೆ ಹೋದರೆ ಒಂದು ಅಡಿಯ ಪಟ್ಟಿ ಉಳಿಯುತ್ತದೆ. ಹೀಗಾಗಿ ಕೊಂಡದ್ದು 50 ಚದರ ಅಡಿ ದಾಟಿತು. ಅಳೆಯುವಾಗ ಟೇಪಿನ ತುದಿ ಯಾರ ಕೈಯಲ್ಲಿದೆ ನೋಡಿಕೊಳ್ಳಿ, ಇಂಚುಗಳನ್ನು ಮೇಲಕ್ಕೆ ಏರಿಸಿ ಬರೆಯುವ ರೂಢಿ ಇದೆ. ದಪ್ಪವನ್ನೂ ಅಳೆಯಿರಿ. 18 ಮಿಲಿಮೀಟರ್ ಅಂದದ್ದು 15 ಇರಬಹುದು. ಅದರ ಮೇಲೆ 18 ಪರ್ಸೆಂಟ್ ಜಿಎಸ್‌ಟಿ. ಅಂಚು ದುಂಡು ಮಾಡುವ ಮೋಲ್ಡಿಂಗಿಗೆ ಅಡಿ ಲೆಕ್ಕದಲ್ಲಿ ಬೇರೆ ಹಣ, ಸಿಂಕಿಗೆ ತೂತು ಕೊಯ್ಯಲು ಬೇರೆ, ಸಾಗಿಸಲು ಬೇರೆ. ಉಳಿದ ಪಟ್ಟಿಯನ್ನು ಬಿಟ್ಟು ಬರಬೇಡಿ. ಅದು ನಿಮ್ಮ ದುಡ್ಡಿನ ಕಲ್ಲು. ನಾವು ಗೋಡೆಯ ಅಡಿಪಟ್ಟಿಗೆ ಮತ್ತು ಹಿತ್ತಲ ಬಾಗಿಲ ಹೊಸ್ತಿಲಿಗೆ ಹಾಕಿಸಿದೆವು.

ಇಷ್ಟೆಲ್ಲ ಕಲ್ಲಿನ ಚರ್ಚೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಗೌಂಡಿ ಕೇಳಿದ. "ಎತ್ತರ ಎಷ್ಟು ಇಡ್ಲಿ ಅಕ್ಕಾ?" ಕೇಳಿ ತಾನೇ ಉತ್ತರವನ್ನೂ ಹೇಳಿದ, 34 ಇಂಚು, ಎಲ್ಲರ ಮನೆಯಲ್ಲೂ ಅಷ್ಟೇ. ನನ್ನ ಲೆಕ್ಕದಲ್ಲಿ ಕಲ್ಲಿಗಿಂತ ಇದೇ ಮುಖ್ಯ. ತರಕಾರಿ ಹೆಚ್ಚಲು ಮೊಣಕೈಗಿಂತ ನಾಲ್ಕು ಇಂಚು ಕೆಳಗೆ ಇದ್ದರೆ ಸರಿ. ನನಗೆ 34 ಹೊಂದುತ್ತದೆ. ಆದರೆ ರೊಟ್ಟಿ ಬಡಿಯಲು ಭುಜದ ಬಲ ಬೇಕು, ಮೇಲಿನಿಂದ ಒತ್ತಬೇಕು. ಅತ್ತೆ ಗಿಡ್ಡ. ಹಳೆ ಕಟ್ಟೆಯ ಮುಂದೆ ಅವರು ಒಂದು ಮಣೆ ಹಾಕಿಕೊಂಡು ನಿಲ್ಲುತ್ತಿದ್ದರು. ಅಷ್ಟು ವರ್ಷ ಅದನ್ನು ನಾವೆಲ್ಲ ನೋಡಿದ್ದೆವು, ಯಾರೂ ಏನೂ ಅಂದುಕೊಂಡಿರಲಿಲ್ಲ. ಸಂಜೆ ಅವರ ಭುಜ ನೋಯುತ್ತದೆ ಅಂದರೆ ವಯಸ್ಸಾಯಿತು ಅನ್ನುತ್ತಿದ್ದೆವು.

ಒಂದು ಮೂಲೆಯಲ್ಲಿ ಮೂರು ಅಡಿ ಉದ್ದದ ಭಾಗವನ್ನು ತಗ್ಗಿಸೋಣ ಅಂದೆ. ಗೌಂಡಿಗೆ ಸುತಾರಾಂ ಇಷ್ಟವಿಲ್ಲ. "ನೋಡೋರು ಏನಂತಾರ? ಲೆವಲ್ ತಪ್ಪ್ಯಾನ ಅಂತಾರ" ಅಂದ. ಅವನ ಹೆಸರಿನ ಪ್ರಶ್ನೆ. ಅತ್ತೆ ಹಿಟ್ಟಿನ ಡಬ್ಬಿಗಳ ಮೇಲೆ ಹಲಗೆ ಇಟ್ಟು, ಇಟ್ಟಿಗೆ ಸೇರಿಸಿ ತೆಗೆದು, ಬಡಿದು ಬಡಿದು ನೋಡಿದರು. 28 ಇಂಚಿಗೆ ಬಂದು ನಿಂತಿತು. ಒಲೆಯೂ ಅದರ ಪಕ್ಕಕ್ಕೇ ಬರಬೇಕು, ಬಡಿದ ರೊಟ್ಟಿ ಎತ್ತಿ ಹಂಚಿಗೆ ಹಾಕುವಾಗ ದೂರ ಇರಬಾರದು. ಅದಕ್ಕಾಗಿ ಗ್ಯಾಸ್ ಪೈಪಿನ ಜಾಗ ಬದಲಾಯಿತು. ಮೇಲಿನ ಕಟ್ಟೆಯಿಂದ ನೀರು ಕೆಳಗಿನದಕ್ಕೆ ಹರಿಯದಂತೆ ಮೆಟ್ಟಿಲಿನ ಹತ್ತಿರ ಸಣ್ಣ ಏರು ಅಂಚು ಕೊಡಿಸಿದೆವು.

ಕಲ್ಲು ಕೂರಿಸುವವರು ಬೇರೆ, ಗೌಂಡಿ ಬೇರೆ. ಗೌಂಡಿ ಕಂಬಿ ಹಾಕಿ ತೆಳ್ಳನೆಯ ಕಾಂಕ್ರೀಟ್ ಹಾಸಿ ಕೊಟ್ಟ. ಅದರ ಮೇಲೆ ಕಲ್ಲಿನ ಮಿಸ್ತ್ರಿಗಳು ಬಂದರು. ಇಬ್ಬರೂ ಹುಡುಗರು. ಹಿತ್ತಲಲ್ಲಿ ಸ್ಲ್ಯಾಬು ಮಲಗಿಸಿ ಕಟರ್ ಹಚ್ಚಿದ ಕೂಡಲೇ ಬಿಳಿ ಧೂಳು ಎದ್ದು ತುಳಸಿ ಕಟ್ಟೆ ಕಾಣದಾಯಿತು. ಮುಖಕ್ಕೆ ಏನೂ ಇಲ್ಲ, ಒಬ್ಬ ಮಾತ್ರ ಟವೆಲ್ ಸುತ್ತಿದ್ದ. ಕಟರ್ ನಿಲ್ಲಿಸಿ ಅಂದೆ. ಗ್ರಾನೈಟಿನ ಧೂಳಿನಲ್ಲಿ ಸಿಲಿಕಾ ಇರುತ್ತದೆ. ಅದು ಶ್ವಾಸಕೋಶಕ್ಕೆ ಇಳಿದರೆ ಸಿಲಿಕೋಸಿಸ್, ಬಂದರೆ ವಾಸಿಯಾಗುವ ರೋಗವಲ್ಲ. ಕ್ವಾರ್ಟ್ಜ್ ಹಲಗೆಯಲ್ಲಿ ಸಿಲಿಕಾ ಇನ್ನೂ ಜಾಸ್ತಿ. ಕೊಯ್ಯುವ ಕೆಲಸಗಾರರು ಕಾಯಿಲೆ ಬಿದ್ದದ್ದಕ್ಕೇ ಆಸ್ಟ್ರೇಲಿಯಾದಲ್ಲಿ ಅಂಥ ಕೃತಕ ಕಲ್ಲನ್ನು 2024ರ ಜುಲೈ 1ರಿಂದ ನಿಷೇಧಿಸಿದ್ದಾರೆ. ಟವೆಲ್ ಈ ಧೂಳನ್ನು ತಡೆಯುವುದಿಲ್ಲ.

ಹುಡುಗರಿಗೆ ಇದೆಲ್ಲ ಹೊಸದೇನಲ್ಲ. "ನೀರು ಹಾಕಿ ಕೊಯ್ದ್ರ ಧೂಳು ಬರಂಗಿಲ್ಲ ಅಕ್ಕಾ, ಆದ್ರ ಲೇಟ್ ಆಗ್ತದ" ಅಂದ ದೊಡ್ಡವನು. ಆಗಲಿ ಅಂದೆ. ಯಜಮಾನರು ಮೆಡಿಕಲ್ ಅಂಗಡಿಯಿಂದ ಎನ್-95 ಮಾಸ್ಕ್ ತಂದರು. ಪೈಪು ಹಿಡಿದು ಬ್ಲೇಡಿನ ಮೇಲೆ ನೀರು ಬಿಡುವ ಕೆಲಸಕ್ಕೆ ಮನೆಯವರೇ ಒಬ್ಬರು ನಿಂತೆವು, ಕಟರಿನ ವೈರು ನೀರಿಗೆ ಸಿಗದಂತೆ ಮೇಲೆ ಕಟ್ಟಿ. ಧೂಳಿನ ಬದಲು ಬೂದು ಕೆಸರು ಹರಿಯಿತು. ಕೆಲಸ ಮರುದಿನಕ್ಕೂ ಹೋಯಿತು, ಕೂಲಿ ಆ ಲೆಕ್ಕದಲ್ಲೇ ಕೊಟ್ಟೆವು. ಕಟ್ಟೆ ಮಾಡಿಸುವವರು ಈ ಖರ್ಚನ್ನು ಮೊದಲೇ ಲೆಕ್ಕಕ್ಕೆ ಹಿಡಿಯಬೇಕು ಅಂತ ನನಗೆ ಅನ್ನಿಸುತ್ತದೆ. ಮಾಡ್ಯುಲರ್ ಕಪಾಟಿನ ಹ್ಯಾಂಡಲ್‌ಗೆ ಕೊಡುವ ದುಡ್ಡಿಗಿಂತ ಕಡಿಮೆಯೇ ಇದು.

ಕೂರಿಸುವಾಗ ಪಕ್ಕದಲ್ಲೇ ನಿಂತು ಹೇಳಿ ಮಾಡಿಸಿದ ಕೆಲವು ಇವೆ. ಜೋಡಣೆ ಸಿಂಕಿನ ಹತ್ತಿರ ಬರಬಾರದು. ಕೊರೆದ ತೂತಿನ ಪಕ್ಕ ಕಲ್ಲು ಕಿರಿದಾಗಿ ಇರುತ್ತದೆ, ಅಲ್ಲೇ ಮೊದಲು ಸೀಳುವುದು. ನಮ್ಮ ಜೋಡಣೆ ಎತ್ತರ ಬದಲಾಗುವ ಕಡೆ ಮತ್ತು ಮೂಲೆಯಲ್ಲಿ ಬಂತು. ಅದನ್ನು ಕಲ್ಲಿನ ಬಣ್ಣ ಕಲಸಿದ ಎಪಾಕ್ಸಿ ಅಂಟಿನಿಂದ ತುಂಬಿದರು. ಕಲ್ಲು ಕಪಾಟಿಗಿಂತ ಒಂದು ಇಂಚು ಮುಂದೆ ಚಾಚಿದೆ. ಆ ಚಾಚಿದ ಭಾಗದ ಕೆಳಗೆ ಬ್ಲೇಡಿನಿಂದ ಉದ್ದಕ್ಕೂ ಒಂದು ಗೀರು ಕೊಯ್ಸಿದೆ. ಚೆಲ್ಲಿದ ನೀರು ಅಂಚು ಬಳಸಿ ಒಳಗೆ ಹರಿದು ಕಪಾಟಿನ ಬಾಗಿಲು ಹಾಳಾಗುತ್ತದಲ್ಲ, ಈ ಗೀರಿಗೆ ಬಂದರೆ ಅಲ್ಲೇ ಕೆಳಗೆ ತೊಟ್ಟಿಕ್ಕುತ್ತದೆ. ಮಿಸ್ತ್ರಿ, "ಇದನ್ನ ಯಾರೂ ಕೇಳಂಗಿಲ್ಲ" ಅಂದ. ಐದು ನಿಮಿಷದ ಕೆಲಸ. ಇಡೀ ಕಟ್ಟೆಗೆ ಸಿಂಕಿನ ಕಡೆ ಕಣ್ಣಿಗೆ ಕಾಣದಷ್ಟು ಇಳಿಜಾರು. ಅದನ್ನು ಕಲ್ಲು ಗಟ್ಟಿಯಾಗಿ ಕೂರುವ ಮೊದಲು ಒಂದು ಲೋಟ ನೀರು ಚೆಲ್ಲಿಯೇ ನೋಡಿದೆವು. ನೀರು ಒಲೆ ಕಡೆ ಹೊರಟಿತು. ಮತ್ತೆ ಎತ್ತಿಸಿ ಸರಿ ಮಾಡಿಸಿದೆವು.

ಈಗ ಅತ್ತೆ ಮಣೆ ಇಲ್ಲದೆ ನಿಂತು ಬಡಿಯುತ್ತಾರೆ. ಭುಜದ ನೋವು ಪೂರ್ತಿ ಹೋಗಿಲ್ಲ, ಆದರೆ ಸಂಜೆ ಎಣ್ಣೆ ಹಚ್ಚು ಅನ್ನುವುದು ಕಡಿಮೆಯಾಗಿದೆ. ಮಗಳು ಆ ತಗ್ಗು ಮೂಲೆಯಲ್ಲಿ ರೊಟ್ಟಿ ಬಡಿಯಲು ಕಲಿಯುತ್ತಿದ್ದಾಳೆ. ಆಕಾರ ಇನ್ನೂ ಯಾವ ಜಿಲ್ಲೆಯ ನಕ್ಷೆಗೂ ಹೊಂದುತ್ತಿಲ್ಲ.

ತೊಂದರೆ ಇಲ್ಲ ಅಂತಿಲ್ಲ. ನಲ್ಲಿಯ ಬುಡದಲ್ಲಿ ಗಡಸು ನೀರಿನ ಬಿಳಿ ಕಟ್ಟುತ್ತದೆ, ಬೂದು ಕಲ್ಲಾದರೂ ಹತ್ತಿರ ಹೋದರೆ ಕಾಣುತ್ತದೆ. ಪಾಯಿಖಾನೆ ತೊಳೆಯುವ ಆಸಿಡ್ ಇದರ ಹತ್ತಿರ ತರಬಾರದು, ಹೊಳಪು ಹೋಗುತ್ತದೆ, ಕೆಲವು ಕಲ್ಲುಗಳಲ್ಲಿ ತುಕ್ಕಿನ ಬಣ್ಣವೂ ಏಳುತ್ತದೆ. ಅತ್ತೆ ಸಾರಿಗೆ ಹಿಂಡಿ ಉಳಿದ ಹುಣಸೆಯ ಸಿಪ್ಪೆಯಿಂದ ನಲ್ಲಿಯ ಸುತ್ತ ತಿಕ್ಕಿ ಕೂಡಲೇ ತೊಳೆಯುತ್ತಾರೆ. ಬಿಳಿ ಹೋಗುತ್ತದೆ. ಗೋಡೆಯ ಟೈಲ್ಸಿನ ಸಂದಿಯಲ್ಲಿ ಸಿಮೆಂಟ್ ಇದೆ, ಅಲ್ಲಿಗೆ ಹುಳಿ ಮುಟ್ಟದಂತೆ ನೋಡಿಕೊಳ್ಳಬೇಕು. ನಾನು ಕಿಟಕಿಯ ಪಕ್ಕ ಒಂದು ಸಣ್ಣ ವೈಪರ್ ನೇತು ಹಾಕಿದ್ದೇನೆ. ಪಾತ್ರೆ ತೊಳೆದವರು ನೀರು ಎಳೆದೇ ಹೋಗಬೇಕು ಅಂತ ಕಾಯ್ದೆ. ಕಾಯ್ದೆ ಮುರಿಯುವವರು ಯಾರು ಅಂತ ಹೇಳಬೇಕಾಗಿಲ್ಲ. ಅವರು ಈಗ ಒಲೆಯ ಮೇಲೆ ಚಿಮಣಿ ಹಾಕಿಸೋಣ ಅನ್ನುತ್ತಿದ್ದಾರೆ, ಬಿಳಿಯದು.